ಸಂದಕ್‌ಫು ನಡಿಗೆಗೆ ಎಷ್ಟು ದಿನ ರಜೆ ಹಾಕಬೇಕು?

ಚಿತ್ರದುರ್ಗದ ಕೋಟೆಯ ಮೆಟ್ಟಿಲುಗಳನ್ನು ನಾನು ಭಾರದ ಚೀಲ ಹೊತ್ತು ಹತ್ತುವುದನ್ನು ಕಂಡವರು, ಮಾತಿಗೆ ನಿಂತರೆ ಕೊನೆಗೆ ಕೇಳುವ ಪ್ರಶ್ನೆ ಒಂದೇ: "ಹಿಮಾಲಯದಲ್ಲಿ ಟೆಂಟು, ಪಾತ್ರೆ ಏನೂ ಹೊರದೆ, ರಾತ್ರಿ ತಂಗುಮನೆಗಳಲ್ಲಿ ಮಲಗುತ್ತಾ ಹಟ್‌ನಿಂದ ಹಟ್‌ಗೆ ನಡೆದು ಸಂದಕ್‌ಫು, ಫಾಲೂಟ್ ಮುಗಿಸಬಹುದಂತೆ, ಎಷ್ಟು ದಿನ ರಜೆ ಹಾಕಬೇಕು ಸರ್?" ನಡಿಗೆಗೆ ಆರು ದಿನ ಬೇಕು, ಅದರ ಜೊತೆಗೆ ಎಲ್ಲಿಗೂ ಹೋಗದೆ ಸುಮ್ಮನೆ ಕೂರುವುದಕ್ಕೆ ಇನ್ನೊಂದು ದಿನ ಬೇಕು, ಊರಿನಿಂದ ಹೋಗಿ ಬರುವ ದಿನಗಳು ಬೇರೆ. ಆ ಏಳನೆಯ ದಿನ ಸಿಗದವರು ಫಾಲೂಟ್ ಆಸೆ ಬಿಟ್ಟು ಸಂದಕ್‌ಫುವಿನಿಂದಲೇ ಇಳಿಯುವುದು ಲೇಸು. ಇದನ್ನು ಕೇಳಿದವರಲ್ಲಿ ಹೆಚ್ಚಿನವರು ನನ್ನನ್ನು ಅಂಜುಬುರುಕನೆಂದು ಭಾವಿಸುವುದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆಗೂ ನೇಪಾಳಕ್ಕೂ ಗಡಿಯಾಗಿರುವ ಸಿಂಗಲೀಲಾ ಬೆಟ್ಟಸಾಲಿನ ನೆತ್ತಿಯ ಮೇಲೆ ಈ ದಾರಿ ಸಾಗುತ್ತದೆ. ಮಾನೆಭಂಜಾಂಗ್‌ನಿಂದ ಹೊರಟವರು ಮೊದಲ ರಾತ್ರಿ ತುಮ್ಲಿಂಗ್‌ನಲ್ಲಿ, ಎರಡನೆಯದು ಕಾಲಿಪೋಖ್ರಿಯಲ್ಲಿ, ಮೂರನೆಯದು ಸಂದಕ್‌ಫುವಿನಲ್ಲಿ, ನಾಲ್ಕನೆಯದು ಫಾಲೂಟ್‌ನಲ್ಲಿ, ಐದನೆಯದು ಕೆಳಗಿನ ಗೋರ್ಖೆ ಹಳ್ಳಿಯಲ್ಲಿ ತಂಗಿ, ಆರನೆಯ ದಿನ ಶ್ರೀಖೋಲಾದಲ್ಲಿ ಜೀಪು ಹತ್ತುತ್ತಾರೆ. ಕಾಲಿಪೋಖ್ರಿಯಿಂದ ಸಂದಕ್‌ಫುವಿಗೆ ಕೇವಲ ಆರು ಕಿಲೋಮೀಟರು ಇರುವುದನ್ನು ನೋಡಿ, ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಿ ರಜೆ ಉಳಿಸಬಹುದೆಂದು ಲೆಕ್ಕ ಹಾಕುವವರಿದ್ದಾರೆ. ಆದರೆ 3,000 ಮೀಟರು ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ಪರ್ವತ ವೈದ್ಯರ ಸಲಹೆ. ತುಮ್ಲಿಂಗ್ ಸುಮಾರು 2,900 ಮೀಟರು, ಸಂದಕ್‌ಫು 3,636 ಮೀಟರು; ನಡುವೆ ಒಂದು ರಾತ್ರಿ ಕಾಲಿಪೋಖ್ರಿಯಲ್ಲಿ ಕಳೆಯದಿದ್ದರೆ ಮರುದಿನ ತಲೆನೋವು, ವಾಕರಿಕೆ ಹೊತ್ತುಕೊಂಡೇ ಎದ್ದೇಳಬೇಕಾದೀತು.

ಆ ಮರುದಿನವೇ ಇಡೀ ಯೋಜನೆಯ ನಡುಗಂಬ. ಸಂದಕ್‌ಫುವಿನಿಂದ ಫಾಲೂಟ್‌ಗೆ 21 ಕಿಲೋಮೀಟರು. ಎರಡರ ಎತ್ತರವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಕಾಗದದ ಮೇಲೆ ಸಮತಟ್ಟಾದ ದಾರಿಯಂತೆ ತೋರುತ್ತದೆ. ಗಂಟೆಗೆ ಐದು ಕಿಲೋಮೀಟರು, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಎಂಬ ಸೂತ್ರವನ್ನು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟಿದ್ದಾನೆ. ಅದರ ಪ್ರಕಾರ ಐದಾರು ಗಂಟೆ ಸಾಕು. ನನಗೆ ಎಂದೂ ಎಂಟು ಗಂಟೆಗಿಂತ ಕಡಿಮೆ ಹಿಡಿದಿಲ್ಲ. ಗಾಳಿಯಲ್ಲಿ ಆಮ್ಲಜನಕ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡರಷ್ಟು ಮಾತ್ರ ದಕ್ಕುವ ಜಾಗದಲ್ಲಿ, ಎದುರುಗಾಳಿಗೆ ಮೈಯೊಡ್ಡಿ ನಡೆಯುವವನ ಲೆಕ್ಕವನ್ನು ಆತ ಹಾಕಿರಲಿಲ್ಲ.

ಗಾಳಿಯ ವಿಷಯವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸುವುದು ಸುಲಭ. ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ತಪ್ಪಲಲ್ಲಿ ನಿಲ್ಲಿಸದೆ ನೆತ್ತಿಯ ಮೇಲೇ ಸಾಲಾಗಿ ನಿಲ್ಲಿಸಿರುವುದೇಕೆ? ಬಯಲಿನಲ್ಲಿ ಹರಡಿಕೊಂಡು ಬಂದ ಗಾಳಿ ಗುಡ್ಡಕ್ಕೆ ತಾಗಿ ಮೇಲೇರುವಾಗ ಒತ್ತಿಕೊಂಡು, ನೆತ್ತಿಯ ಮೇಲೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಫಾಲೂಟ್ ದಾರಿಯೆಂದರೆ ಅಂಥ ಯಂತ್ರಗಳನ್ನು ನಿಲ್ಲಿಸಬಹುದಾದ ಜಾಗದಲ್ಲೇ ದಿನವಿಡೀ ನಡೆಯುವುದು. ಎತ್ತರ ಸಾವಿರ ಮೀಟರು ಹೆಚ್ಚಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುವುದರಿಂದ, ನಮ್ಮೂರಿಗಿಂತ 2,900 ಮೀಟರು ಮೇಲಿರುವ ಆ ಜಾಗ ಎತ್ತರವೊಂದರಿಂದಲೇ 19 ಡಿಗ್ರಿ ತಂಪು. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದ ಗಾಳಿ ಬೀಸಿದರೆ ಮೈಗೆ ಅದು ಮೈನಸ್ ಏಳರ ಚಳಿಯಾಗಿ ತಟ್ಟುತ್ತದೆ. ಆದ್ದರಿಂದ ದಪ್ಪ ಸ್ವೆಟರಿಗಿಂತ ಮೊದಲು, ಗಾಳಿಯನ್ನೂ ಮಳೆಯನ್ನೂ ತಡೆಯುವ ಹೊರಜಾಕೆಟ್ಟಿಗೆ ಹಣ ಹಾಕಿರಿ. (ಚಳ್ಳಕೆರೆ ಕಡೆಯ ಕಂಬಳಿ ಒಯ್ಯಬಹುದೇ ಎಂದು ಒಬ್ಬರು ಕೇಳಿದ್ದರು. ನೆನೆದರೂ ಬೆಚ್ಚಗಿಡುವ ಗುಣ ಉಣ್ಣೆಗಿದೆ, ನಿಜ. ಆದರೆ ನೆನೆದ ಕಂಬಳಿಯನ್ನು ಹೊರುವುದಕ್ಕೆ ಇನ್ನೊಬ್ಬ ಆಳು ಬೇಕು.)

ಮೊದಲ ಸಲ ಹೋದಾಗ ನಾನು ಎಲ್ಲ ಹಾಸಿಗೆಗಳನ್ನೂ ದಿನಾಂಕ ತಪ್ಪದಂತೆ ಕಾದಿರಿಸಿ, ಅದನ್ನೇ ಜಾಣತನವೆಂದುಕೊಂಡಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಮಂಜು ಕವಿದು ಹನಿ ಬೀಳುತ್ತಿತ್ತು. ಇನ್ನೊಂದು ದಿನ ನಿಲ್ಲೋಣವೆಂದು ಗೈಡ್ ಹೇಳಿದರೂ, ಫಾಲೂಟ್‌ನ ಹಾಸಿಗೆಯೂ ವಾಪಸಾಗುವ ವಿಮಾನದ ಟಿಕೆಟ್ಟೂ ನನ್ನನ್ನು ಹೊರಡಿಸಿದವು. ಮಧ್ಯಾಹ್ನದ ಹೊತ್ತಿಗೆ ಜೊತೆಗಿದ್ದ ಗೆಳೆಯ ಮಾತು ತೊದಲತೊಡಗಿದ. ಚೀಲದ ಬಕಲ್ ಬಿಚ್ಚಲು ಅವನ ಬೆರಳುಗಳಿಗೆ ಆಗಲಿಲ್ಲ. ಮೈಯ ಶಾಖ ಕುಸಿಯುತ್ತಿರುವುದರ ಲಕ್ಷಣ ಅದೆಂದು ಗೈಡ್‌ಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಂಡೆಯ ಮರೆಯಲ್ಲಿ ಕೂರಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ಒಣಗಿದ್ದನ್ನು ತೊಡಿಸಿ, ಫ್ಲಾಸ್ಕಿನ ಸಿಹಿ ಚಹಾ ಕುಡಿಸಿದ ಮೇಲೆ ಅವನು ಚೇತರಿಸಿಕೊಂಡನೆಂಬುದು ನಮ್ಮ ಪುಣ್ಯ. ಹಟ್ ಇರುವುದರಿಂದ ಹೆಗಲ ಭಾರ ಕಡಿಮೆಯಾಗುತ್ತದೆ. ಆದರೆ ಟೆಂಟು ಹೊತ್ತವನಂತೆ ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯ ಹೋಗಿ, ಕಾದಿರಿಸಿದ ಹಾಸಿಗೆಯೇ ನಮ್ಮನ್ನು ಎಳೆಯತೊಡಗುತ್ತದೆ.

ಆ ಮೇಲೆ ನಾನು ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತೇನೆ. ಮೊದಲು ಸಂದಕ್‌ಫುವಿನಲ್ಲಿ ಒಂದರ ಬದಲು ಎರಡು ರಾತ್ರಿ ಕಾದಿರಿಸಿ, ಬಳಿಕ ಉಳಿದವನ್ನು ಹೊಂದಿಸುತ್ತೇನೆ. ಬೆಳಿಗ್ಗೆ ಆರಕ್ಕೆ ನೆತ್ತಿ ಬಿಚ್ಚಿಕೊಂಡಿದ್ದರೆ ಹೊರಡುವುದು, ಇಲ್ಲದಿದ್ದರೆ ಉಳಿಯುವುದು. ಎರಡನೆಯ ಬೆಳಿಗ್ಗೆಯೂ ಹಾಗೆಯೇ ಇದ್ದರೆ ಕಾಡಿನೊಳಗಿನ ಗುರ್ದುಂ ದಾರಿ ಹಿಡಿದು ಶ್ರೀಖೋಲಾಕ್ಕೆ ಇಳಿಯುವುದು. ಹೊರಟ ಮೇಲೆ ಹವೆ ಕೆಟ್ಟರೆ, 14 ಕಿಲೋಮೀಟರಿನ ಬಳಿ ಸಿಗುವ ಸಬರ್‌ಕುಮ್‌ನಿಂದ ಮೋಲೆ ಕಡೆಗೆ ಇಳಿದು ಗಾಳಿಯ ಮರೆ ಸೇರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಗುರಾಸ್ (ರೋಡೋಡೆಂಡ್ರನ್) ಹೂ ನೋಡಲು ಹೋಗುವವರು ಮಧ್ಯಾಹ್ನದ ಸಿಡಿಲಿಗೆ ಸಿಕ್ಕಿಕೊಳ್ಳದಂತೆ ಇನ್ನೂ ಬೇಗ ಹೊರಡಬೇಕು. ಕಾಂಚನಜುಂಗಾ ನಿಚ್ಚಳವಾಗಿ ಕಾಣಬೇಕೆಂದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಈ ದಾರಿ ಹಾದುಹೋಗುವ ಸಿಂಗಲೀಲಾ ರಾಷ್ಟ್ರೀಯ ಉದ್ಯಾನವೇ ಮುಚ್ಚಿರುತ್ತದೆ.

ಉಳಿದದ್ದು ಚಿಕ್ಕ ವಿಷಯ. ಮಾನೆಭಂಜಾಂಗ್‌ನಲ್ಲಿ ಗೈಡ್ ಕಡ್ಡಾಯ. ದಾರಿ ಅಲ್ಲಲ್ಲಿ ನೇಪಾಳದೊಳಗೆ ಹೋಗಿ ಬರುವುದರಿಂದ ಮತದಾರರ ಗುರುತಿನ ಚೀಟಿಯ ಮೂಲಪ್ರತಿಯನ್ನೋ ಪಾಸ್‌ಪೋರ್ಟನ್ನೋ ಒಯ್ಯಿರಿ. ನೆತ್ತಿಯ ಮೇಲೆ ನೀರು ವಿರಳ, ಸಂದಕ್‌ಫುವಿನಲ್ಲೇ ಎರಡು ಲೀಟರು ತುಂಬಿಕೊಳ್ಳಿ. ಜೇಬಿನಲ್ಲಿ ಶೇಂಗಾ ಉಂಡೆ ಇರಲಿ; ಚಳಿಗೆ ಕಲ್ಲಾಗುವ ಚಾಕೊಲೇಟಿಗಿಂತ ಅದು ವಾಸಿ. ಹೊರಡುವ ಎರಡು ತಿಂಗಳು ಮೊದಲಿನಿಂದ ವಾರಕ್ಕೆ ಮೂರು ದಿನ ಎಂಟು ಕಿಲೋ ಹೊತ್ತು ಕೋಟೆ ಹತ್ತಿ ಇಳಿದರೆ ಕಾಲುಗಳು ಪಳಗುತ್ತವೆ. ಇಳಿಯುವುದನ್ನು ತಪ್ಪಿಸಬೇಡಿ, ಫಾಲೂಟ್‌ನಿಂದ ಗೋರ್ಖೆಗೆ ಇಳಿಯುವಾಗಲೇ ಮೊಣಕಾಲು ಮಾತಾಡುವುದು.

ದಾರಿ ಬದಲಿಸಿದರೆ ಫಾಲೂಟ್‌ನ ಹಾಸಿಗೆಗೆ ಕೊಟ್ಟ ಮುಂಗಡ ವಾಪಸು ಬರುತ್ತದೆಯೇ ಎಂದು ಕಳೆದ ವಾರವಷ್ಟೇ ಒಬ್ಬರು ಕೇಳಿದರು. ನನಗೆ ಎರಡು ಸಲವೂ ಬಂದಿಲ್ಲ. ಆ ಹಣವನ್ನು ಊರಿನಲ್ಲಿರುವಾಗಲೇ ಖರ್ಚಿನ ಪಟ್ಟಿಗೆ ಸೇರಿಸಿಬಿಡಿ.