ರಬ್ಬರ್ ಹಾಲಿನ ಮೈಮೇಲಿನ ಪದರ

ಸುಳ್ಯದ ಕಡೆ ರಬ್ಬರ್ ತೋಟ ಇರುವವರಿಗೆ ಇದು ದಿನಾ ಕಾಣುವ ವಿಷಯ. ಮರದಿಂದ ಇಳಿಸಿದ ಹಾಲಿಗೆ ನೀರು ಬೆರೆಸಿ ಡಿಶ್‌ಗೆ ಸುರಿಯುತ್ತಾರೆ. ನೀರು ಸೇರಿಸಿದ ಫಾರ್ಮಿಕ್ ಆಸಿಡ್ ಹಾಕಿ, ಕಲಕಿ, ನೊರೆ ತೆಗೆದು ಹಾಗೇ ಇಡುತ್ತಾರೆ. ಕೆಲವು ಗಂಟೆ ಕಳೆದರೆ ಬಿಳಿ ಗಟ್ಟಿ! ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಹಾಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ರಬ್ಬರೇ. ಅದು ಸಣ್ಣ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಹೆಚ್ಚಿನ ಕಣಗಳು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣವು. ರಬ್ಬರಿಗೂ ನೀರಿಗೂ ಆಗಿಬರುವುದಿಲ್ಲ. ಆದರೂ ಕಣಗಳು ಬಿಡಿಬಿಡಿಯಾಗಿ ತೇಲುತ್ತವಲ್ಲ, ಅದು ಅವುಗಳ ಮೈಗೆ ಅಂಟಿದ ಪ್ರೋಟೀನ್ ಮತ್ತು ಫಾಸ್ಫೋಲಿಪಿಡ್ (ಒಂದು ಬಗೆಯ ಕೊಬ್ಬಿನಂಶ) ಪದರದಿಂದ. ಆ ಪದರಕ್ಕೆ ನೆಗೆಟಿವ್ ಚಾರ್ಜ್ ಇದೆ. ಎಲ್ಲ ಕಣಕ್ಕೂ ಅದೇ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಆಸಿಡ್ ಬಿದ್ದು ಹಾಲಿನ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಾದಷ್ಟೂ ಇದು ಕಡಿಮೆ) 5ರ ಆಸುಪಾಸಿಗೆ ಇಳಿದರೆ ಆ ಚಾರ್ಜ್ ಹೋಗುತ್ತದೆ. ತಳ್ಳಾಟ ನಿಂತಿತು, ಕಣಗಳು ಕೂಡಿಕೊಂಡವು. ಅಮೋನಿಯಾ ಹಾಕಿದರೆ ಇದರ ಉಲ್ಟಾ, ಹಾಲು ತಿಂಗಳುಗಟ್ಟಲೆ ಹಾಲಾಗಿಯೇ ಇರುತ್ತದೆ.

ರೇಟು ಸಿಗುವುದು ಒಳಗಿನ ರಬ್ಬರಿಗೆ. ಆದರೆ ಅದು ಯಾವಾಗ ಗಟ್ಟಿಯಾಗಬೇಕು ಅಂತ ತೀರ್ಮಾನ ಮಾಡುವುದು ಕಣ್ಣಿಗೇ ಕಾಣದ ಈ ಹೊದಿಕೆ. ನನಗೆ ಆಶ್ಚರ್ಯ ಅನಿಸುವುದು ಅದೇ.

ಅಂದಹಾಗೆ, ಲೇಟೆಕ್ಸ್ (ಅಂದರೆ ಇದೇ ರಬ್ಬರ್ ಹಾಲು) ಗ್ಲೌಸ್ ಹಾಕಿದರೆ ಕೆಲವರಿಗೆ ಅಲರ್ಜಿ ಆಗುತ್ತದೆ ಅಲ್ವಾ? ಅದಕ್ಕೆ ಕಾರಣವಾಗುವ ಪ್ರೋಟೀನುಗಳಲ್ಲಿ ಕೆಲವು ಇದೇ ಪದರದವು.