ಕಥೆ ಹೇಳಲು ದುಡ್ಡೇಕೆ?

“ಕಥೆ ಹೇಳುವುದಕ್ಕೂ ದುಡ್ಡು ಬೇಕೇ? ನಮ್ಮ ಅಜ್ಜಿ ಪುಕ್ಕಟೆಯಾಗಿ ಹೇಳುತ್ತಿದ್ದಳಲ್ಲ!”

ಶಿರಸಿ–ಯಲ್ಲಾಪುರ ಕಡೆಯ ಕೇರಿಗಳಲ್ಲಿ ಮಕ್ಕಳಿಗೆ ಕಥೆ ಹೇಳಿ, ಹೇಳಿಸಿ, ಓದು ಹಿಡಿಸುವ ಕೆಲಸಕ್ಕೆ ಹಣ ಕೂಡಿಸಲು ಹೋದಲ್ಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ.

ನನ್ನ ಅಜ್ಜಿಯೂ ಹೇಳುತ್ತಿದ್ದಳು, ಹೆಚ್ಚಾಗಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಸುತ್ತ ಹತ್ತು ಜನ, ನಡುವೆ ಅಡಿಕೆ ರಾಶಿ, ನಿದ್ದೆ ಬಾರದಿರಲೆಂದು ಒಂದರ ಹಿಂದೆ ಒಂದು ಕಥೆ. ಸುಲಿದವರಿಗೆ ಕೂಲಿ ಸಿಗುತ್ತಿತ್ತು, ಚಹಾ ಬರುತ್ತಿತ್ತು, ದೀಪ ಉರಿಯುತ್ತಿತ್ತು. ಕಥೆಯ ಖರ್ಚು ಅಡಿಕೆಯ ಲೆಕ್ಕದಲ್ಲಿ ಸೇರಿಹೋಗಿತ್ತು, ಅಷ್ಟೇ. ಈಗ ಎಷ್ಟೋ ಕಡೆ ಯಂತ್ರ ಸುಲಿಯುತ್ತದೆ. ಆ ಕೂಟ ಇಲ್ಲ. ಕೂಲಿಗೆ ಹೋದ ತಾಯಿ ಕತ್ತಲಾದ ಮೇಲೆ ಮನೆಗೆ ಬಂದು ಒಲೆ ಹಚ್ಚಬೇಕು. ಅವಳ ಬಳಿ ಕಥೆ ಇಲ್ಲವೆಂದಲ್ಲ, ಹೊತ್ತಿಲ್ಲ.

ಮಂಚಿಕೇರಿಯ ಹತ್ತಿರ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಂದು ಕೇರಿಯಲ್ಲಿ ಮೂರನೆಯ ತರಗತಿಯ ಹುಡುಗನೊಬ್ಬ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಅವನದು ಕೊಂಕಣಿ, ಶಾಲೆಯಲ್ಲಿ ಕನ್ನಡ. ಒಂದು ಶನಿವಾರ ಮಧ್ಯಾಹ್ನ, ಜೇನು ತರಲು ಹೋದ ಅಪ್ಪ ಕೆಳಗೆ ಕಾಡುಹಂದಿ ಬಂದು ನಿಂತದ್ದರಿಂದ ಸಂಜೆಯವರೆಗೆ ಮರದಲ್ಲೇ ಕುಳಿತ ಕಥೆಯನ್ನು ಅವನು ಕೈಕಾಲು ಆಡಿಸುತ್ತ ಹೇಳಿದ. ನಮ್ಮ ಕಥೆಗಾರ್ತಿ ಅದನ್ನು ಅವನ ಮಾತಿನಲ್ಲೇ, ಕನ್ನಡ ಅಕ್ಷರಗಳಲ್ಲಿ, ದೊಡ್ಡ ಹಾಳೆಯ ಮೇಲೆ ಬರೆದರು. ಮುಂದಿನ ವಾರ ಅವನು ‘ಡುಕರ್’ ಎಂಬಲ್ಲಿ ಬೆರಳಿಟ್ಟ. ಡು... ಕ... ಎಂದು ನಿಂತು, ಥಟ್ಟನೆ ತಲೆಯೆತ್ತಿ, “ಅಕ್ಕಾ, ಇದು ನಾನು ಹೇಳಿದ್ದು!” ಎಂದ. ‘ಹಂದಿ’ ಎಂಬ ಪದವನ್ನು ಅದರ ಕೆಳಗೆ ಬರೆದದ್ದು ಆಮೇಲೆ. ಆ ಹಾಳೆಯನ್ನು ಅವನು ಮಡಚಿ ಮನೆಗೆ ಒಯ್ದ.

ಆ ಶನಿವಾರಕ್ಕೆ ಹಣ ಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಆದರೆ ಬಸ್ಸು ಡಾಂಬರು ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಒಳಗೆ, ಮಳೆಗಾಲದಲ್ಲಿ ಹಳ್ಳ ದಾಟಿ ನಡೆದು ಹೋಗುವವರಿಗೆ ಗೌರವಧನ ಕೊಡದೆ ಎಷ್ಟು ವಾರ ಕರೆಯಲು ಸಾಧ್ಯ? ಒಬ್ಬ ದಾನಿ ಪೆಟ್ಟಿಗೆಗಟ್ಟಲೆ ಪುಸ್ತಕ ಕೊಟ್ಟರು. ಓದಿಸುವವರಿಗೆ ಮಾತ್ರ ಕೊಡುವುದಿಲ್ಲವೆಂದರು. ಒಂದು ಮಳೆಗಾಲ ಕಪಾಟಿನಲ್ಲಿದ್ದು ಆ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ನನಗೆ ಇಂದಿಗೂ ಅದರ ನೋವಿದೆ.

ಪುಸ್ತಕ ಮತ್ತು ಜಾಗಕ್ಕೆ ದಾರಿಗಳಿವೆ. ಆಸ್ತಿ ತೆರಿಗೆಯ ಜೊತೆ, ಆ ತೆರಿಗೆಯ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಕೊರತೆ ಇರುವುದು ಮನುಷ್ಯರದು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಕೇಳಿದರೆ, “ಆಡಳಿತ ವೆಚ್ಚ ಶೇ 5 ಮೀರುವಂತಿಲ್ಲ, ಸಂಬಳಕ್ಕೆ ಕೊಡಲಾಗದು” ಎಂಬ ಉತ್ತರ ಬರುತ್ತದೆ. ಇದು ತಪ್ಪು ತಿಳಿವಳಿಕೆ. ಆ ಮಿತಿ ಕಂಪನಿಯ ಸ್ವಂತ ಆಡಳಿತದ ಖರ್ಚಿಗೆ ಸಂಬಂಧಿಸಿದ್ದು. ಯೋಜನೆಯನ್ನು ನೇರವಾಗಿ ನಡೆಸುವ ವೆಚ್ಚ ಅದರಲ್ಲಿ ಸೇರುವುದಿಲ್ಲ. ಕೇರಿಗೆ ಹೋಗಿ ಕಥೆ ಹೇಳುವವಳೇ ನಮ್ಮ ಯೋಜನೆ. ಈ ನಿಧಿಯನ್ನು ಯಾವ ಕೆಲಸಗಳಿಗೆ ಬಳಸಬಹುದೆಂದು ಪಟ್ಟಿ ಮಾಡಿರುವ, 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಕಲೆ–ಸಂಸ್ಕೃತಿಯೂ ಇದೆ. ಒಂದೇ ವರ್ಷಕ್ಕೆ ಮುಗಿಸಬೇಕೆಂದೂ ಇಲ್ಲ. ಆರಂಭದ ವರ್ಷ ಬಿಟ್ಟು ಮತ್ತೆ ಮೂರು ವರ್ಷ ಮುಂದುವರಿಸಬಹುದು. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಇನ್ನೊಂದು ಬಾಗಿಲೂ ಇದೆ: ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ‘ಕಲಿ–ಕಲಿಸು’ ಎಂಬ ಕಲಾ ಶಿಕ್ಷಣ ಯೋಜನೆಯಡಿ ಅವರಿಗೆ ಅನುದಾನ ನೀಡುತ್ತ ಬಂದಿದೆ.

“ಹಾಗಾದರೆ ಏನು ಕೊಡಲಿ?” ಎಂದು ಕೇಳುವವರೂ ಇದ್ದಾರೆ. ಹಳ್ಳ ದಾಟಿ ಹೋಗುವ ಆ ಹೆಣ್ಣುಮಗಳಿಗೆ ಮೂರು ವರ್ಷದ ಶನಿವಾರಗಳ ಸಂಬಳ ಕೊಡಿ ಎನ್ನುತ್ತೇನೆ.