ಮಡಾಂಗಿನ ಹಳ್ಳಿಗೆ ಸೇವೆಗೆ ಹೊರಡುವ ಮುನ್ನ

ಪಪುವಾ ನ್ಯೂಗಿನಿಗೆ ಮಿಷನರಿಯಾಗಿ ಹೋಗಬೇಕೆಂದಿದ್ದೇವೆ ಎನ್ನುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಶುರುವಿನ ತಿಂಗಳುಗಳಲ್ಲಿ ಪ್ರಸಂಗ ಬೇಡ, ಭಾಷೆ ಕಲಿಯಿರಿ. ಆ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲರೂ ತಮ್ಮನ್ನು ಕ್ರೈಸ್ತರೆಂದೇ ಹೇಳಿಕೊಳ್ಳುತ್ತಾರೆ. ಲೂಥರನ್ ಮಿಷನರಿ ಯೋಹಾನ್ ಫ್ಲೈಯರ್ಲ್ ಅಲ್ಲಿನ ಫಿನ್ಶ್‌ಹಾಫೆನ್‌ಗೆ ಬಂದದ್ದು 1886ರಲ್ಲಿ. ನಾನು ಮತ್ತು ನನ್ನ ಹೆಂಡತಿ ಇದ್ದ ಹಳ್ಳಿಯಲ್ಲಿ ಸಭೆ (ಚರ್ಚ್), ಹಿರಿಯರು, ಭಾನುವಾರದ ಆರಾಧನೆ ಎಲ್ಲವೂ ನಮಗಿಂತ ಮೊದಲೇ ಇದ್ದವು. ಅವರಿಗೆ ಬೇಕಿದ್ದದ್ದು ಜೊತೆಯಲ್ಲಿ ಬದುಕುವವರು, ಪಕ್ಕದಲ್ಲಿ ಕೂತು ಸತ್ಯವೇದ ಓದುವವರು. ಮಾತು ಬಾರದವರಿಂದ ಅದು ಆಗುತ್ತದಾ?

ದಾರಿ ಹೀಗಿದೆ. ಸಿಂಗಪುರದ ಮೇಲಿಂದ ರಾಜಧಾನಿ ಪೋರ್ಟ್ ಮೋರ್ಸ್ಬಿ, ಅಲ್ಲಿಂದ ಉತ್ತರ ಕರಾವಳಿಯ ಪಟ್ಟಣ ಮಡಾಂಗಿಗೆ ಇನ್ನೊಂದು ವಿಮಾನ. ರಾಜಧಾನಿಯಿಂದ ಉತ್ತರ ಕರಾವಳಿಗೆ ರಸ್ತೆಯೇ ಇಲ್ಲ. ವೀಸಾವನ್ನು ನಿಮ್ಮನ್ನು ಕರೆಸಿಕೊಳ್ಳುವ ಸಭೆಯ ಮೂಲಕವೇ ಮಾಡಿಸಿ. ಪ್ರವಾಸಿ ವೀಸಾ ಹಿಡಿದು ಸೇವೆಗೆ ಇಳಿಯಬೇಡಿ. ಅಲ್ಲಿನ ಹಣ ಕೀನಾ, ಚಿಲ್ಲರೆ ತೋಯಾ. ಪ್ಲಗ್ ಆಸ್ಟ್ರೇಲಿಯಾದ ಮಾದರಿಯದು, ಅಡಾಪ್ಟರ್ ಇಟ್ಟುಕೊಳ್ಳಿ. ಪಟ್ಟಣದಿಂದ ಹಳ್ಳಿಗೆ ಪಿಎಂವಿ ಎನ್ನುವ ಬಾಡಿಗೆ ವಾಹನಗಳು ಓಡುತ್ತವೆ. ಅವು ಜನ ತುಂಬಿದ ಮೇಲೆ ಹೊರಡುತ್ತವೆ, ಗಡಿಯಾರ ನೋಡಿ ಅಲ್ಲ.

ಈಗ ಭಾಷೆಗೆ ಬರೋಣ. ಆ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ಹಾಗಾಗಿ ಮೊದಲು ಎಲ್ಲರ ನಡುವಿನ ಸಂಪರ್ಕ ಭಾಷೆಯಾದ ಟೋಕ್ ಪಿಸಿನ್ ಕಲಿಯಿರಿ. ಸಂತೆ, ಆಸ್ಪತ್ರೆ, ಸಭೆ ಎಲ್ಲ ಕಡೆ ಅದೇ ನಡೆಯುತ್ತದೆ. ಇಡೀ ಬೈಬಲ್ ಆ ಭಾಷೆಯಲ್ಲಿ 1989ರಲ್ಲಿ ಬಂದಿದೆ. ಪದಗಳಲ್ಲಿ ಇಂಗ್ಲಿಷಿನ ನೆರಳು ಕಾಣುತ್ತದೆ ಅಂತ ಸಲೀಸಾಗಿ ತೆಗೆದುಕೊಳ್ಳಬೇಡಿ, ಅದರ ವ್ಯಾಕರಣವೇ ಬೇರೆ. ಕೇಳುವವರನ್ನೂ ಸೇರಿಸಿ ‘ನಾವು’ ಎಂದರೆ ಯುಮಿ, ಅವರನ್ನು ಬಿಟ್ಟು ಎಂದರೆ ಮಿಪೆಲಾ. ‘ನಮ್ಮ ಪಾಪಗಳನ್ನು ಕ್ಷಮಿಸು’ ಎಂದು ದೇವರಿಗೆ ಪ್ರಾರ್ಥಿಸುವಾಗ ಮಿಪೆಲಾ ಎಂದೇ ಹೇಳಬೇಕು. ಇದು ಬಾಯಿಗೆ ಕೂರುವವರೆಗೂ ಸಭೆಯಲ್ಲಿ ಪ್ರಾರ್ಥನೆ ನಡೆಸಲು ಒಪ್ಪಿಕೊಳ್ಳಬೇಡಿ.

ಟೋಕ್ ಪಿಸಿನ್ ಕಲಿತು ಅಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ನನಗೆ ಅದು ಸಾಲದು ಅನಿಸುತ್ತದೆ. ಮಕ್ಕಳನ್ನು ಮಲಗಿಸುವಾಗ, ಜಗಳವಾಡುವಾಗ, ಸತ್ತವರಿಗಾಗಿ ಅಳುವಾಗ ಹಳ್ಳಿಯವರಿಗೆ ಬರುವುದು ತಮ್ಮ ಮನೆಮಾತು. ಮಡಾಂಗ್ ಪಟ್ಟಣಕ್ಕೆ ಹತ್ತಿರದಲ್ಲಿ, ಒಳನಾಡಿನ ಕಡೆ ಅಮೆಲೆ ಮಾತಾಡುವ ಹಳ್ಳಿಗಳಿವೆ. ಕನ್ನಡದವರಿಗೆ ಈ ಭಾಷೆ ಅಷ್ಟೇನೂ ಪರಕೀಯವಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಎದ್ದು, ಮುಖ ತೊಳೆದು, ಉಂಡು ಹೊರಟ’ ಎಂದು ನಾವು ಪೋಣಿಸುತ್ತೇವಲ್ಲ, ಅವರೂ ಹಾಗೇ ಪೋಣಿಸುತ್ತಾರೆ. ಆದರೆ ಮುಂದಿನ ಕೆಲಸ ಮಾಡುವುದು ಅದೇ ಆಳೋ ಬೇರೆಯವರೋ ಎಂಬುದನ್ನು ಹಿಂದಿನ ಕ್ರಿಯಾಪದದ ಕೊನೆಯಲ್ಲೇ ತಿಳಿಸಿಬಿಡುತ್ತಾರೆ. ಅದನ್ನು ಹಿಡಿಯದಿದ್ದರೆ ಕಥೆಯಲ್ಲಿ ಯಾರು ಯಾರನ್ನು ಹೊಡೆದರು ಎಂದೇ ತಿಳಿಯುವುದಿಲ್ಲ!

ಕಲಿಯುವ ಜಾಗ ತೋಟ. ಬೆಳಿಗ್ಗೆ ಹೆಂಗಸರು ತೋಟಕ್ಕೆ ಹೊರಟಾಗ ನನ್ನ ಹೆಂಡತಿಯೂ ಬಿಲುಮ್ ಚೀಲ ತಲೆಗೆ ನೇತುಹಾಕಿಕೊಂಡು ಹೋಗುತ್ತಿದ್ದಳು. ಕೆಸುವಿನ ಗಡ್ಡೆ ಅಗೆಯುವಾಗ, ಕಳೆ ಕೀಳುವಾಗ ಅವಳ ಕಿವಿಗೆ ಬಿದ್ದ ಮಾತುಗಳು ನನ್ನ ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ. ಅವಳು ನನಗಿಂತ ಬೇಗ ಕಲಿತಳು. ನೀವು ಹೀಗೆ ಮಾಡಿ: ಒಂದು ಚಿಕ್ಕ ಮಾತು ಕೇಳಿಸಿಕೊಳ್ಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅದನ್ನೇ ಆ ದಿನ ಸಿಕ್ಕವರಿಗೆಲ್ಲ ಹೇಳಿ. ರೆಕಾರ್ಡ್ ಮಾಡುವ ಮೊದಲು ಕೇಳಿ. ಮಕ್ಕಳು ಎಷ್ಟು ಸಲ ಬೇಕಾದರೂ ಬೇಸರವಿಲ್ಲದೆ ಹೇಳಿಕೊಡುತ್ತಾರೆ. ಸೋಲಾರ್ ಚಾರ್ಜರ್ ಮರೆಯಬೇಡಿ.

ಸಂಜೆ ಸುಮ್ನೆ ಕೂರುವುದೂ ಕೆಲಸವೇ. ಅಡಿಕೆ ಅಲ್ಲೂ ಇದೆ, ಬುವಾಯ್ ಎನ್ನುತ್ತಾರೆ. ಹಸಿ ಅಡಿಕೆಯನ್ನು ಸುಣ್ಣ ಮತ್ತು ವೀಳ್ಯದ ಬಳ್ಳಿಯಲ್ಲಿ ಬಿಡುವ ಉದ್ದನೆಯ ಕಾಯಿಯ ಜೊತೆ ಅಗಿಯುತ್ತಾರೆ. ನೀವು ಅಗಿಯಬೇಕಾಗಿಲ್ಲ. ಅದು ಬಾಯಿಯ ಕ್ಯಾನ್ಸರ್‌ಗೆ ದಾರಿ ಎಂಬುದು ಗೊತ್ತೇ ಇದೆ. ಆದರೆ ಅಲ್ಲಿಂದ ಎದ್ದು ಹೋಗಬೇಡಿ. ಊರಿನ ಸುದ್ದಿಯೆಲ್ಲ ಅಲ್ಲೇ ಸಿಗುವುದು. ಊಟಕ್ಕೆ ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನ ಗಡ್ಡೆ, ಸಿಹಿಗೆಣಸು, ಬಾಳೆಕಾಯಿ. ನಮ್ಮ ಕರಾವಳಿಯವರಿಗೆ ಬೇಗ ಒಗ್ಗುತ್ತದೆ. ಒಂದು ಮನೆಯವರು ನಿಮ್ಮನ್ನು ಮಗನೆಂದೋ ತಮ್ಮನೆಂದೋ ಸೇರಿಸಿಕೊಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅಲ್ಲಿಂದ ನಿಮಗೆ ಹಕ್ಕೂ ಇದೆ, ಹೊಣೆಯೂ ಇದೆ. ಮದುವೆಗೆ, ಸಾವಿಗೆ ನಿಮ್ಮ ಪಾಲೂ ಕೊಡಬೇಕು. ಕೇಳಿದವರಿಗೆಲ್ಲ ನೋಟು ಕೊಡುತ್ತಾ ಹೋಗಬೇಡಿ. ಯಾರಿಗೆ, ಎಷ್ಟು ಎಂದು ಮನೆಯ ಹಿರಿಯರನ್ನೇ ಕೇಳಿ.

ಸಾವಿನ ಮನೆಯನ್ನು ಹೌಸ್ ಕ್ರಾಯ್ ಎನ್ನುತ್ತಾರೆ. ಜನ ದಿನಗಟ್ಟಲೆ ಕೂತು ಅಳುತ್ತಾರೆ. ನೀವೂ ಹೋಗಿ ಕೂರಿ, ಭಾಷಣ ಬೇಡ. ಇಂಥ ಹೊತ್ತಲ್ಲೇ ಮಾಟದ ಮಾತೂ ಏಳಬಹುದು, ಅದಕ್ಕೆ ಸಂಗುಮಾ ಎನ್ನುತ್ತಾರೆ. ಮಾಟಗಾತಿ ಎಂಬ ಆರೋಪ ಹೊತ್ತ ಹೆಂಗಸರ ಕೊಲೆಗಳೂ ಆ ದೇಶದಲ್ಲಿ ನಡೆದಿವೆ. ಯಾರದಾದರೂ ಹೆಸರು ಕೇಳಿಬಂದರೆ ನೀವೊಬ್ಬರೇ ನಡುವೆ ನುಗ್ಗಬೇಡಿ. ಆ ಕ್ಷಣವೇ ಸಭಾಪಾಲಕರಿಗೂ ಊರ ಹಿರಿಯರಿಗೂ ತಿಳಿಸಿ, ಅವರ ಜೊತೆ ಆರೋಪ ಹೊತ್ತವರ ಪಕ್ಕ ನಿಲ್ಲಿ.

ಇನ್ನು ಮಲೇರಿಯಾ. ಇಲ್ಲಿ ಹುಡುಗಾಟ ಬೇಡ. ಫಾಲ್ಸಿಪಾರಮ್, ವೈವಾಕ್ಸ್ ಎಂಬ ಎರಡೂ ಬಗೆಯ ಮಲೇರಿಯಾ ಅಲ್ಲಿವೆ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ತಡೆಯುವ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ರಕ್ತದಲ್ಲಿನ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆಯನ್ನೂ ಇಲ್ಲೇ ಮಾಡಿಸಿಕೊಳ್ಳಿ, ವೈವಾಕ್ಸ್ ಬೇರುಸಹಿತ ಹೋಗಲು ಕೊಡುವ ಪ್ರಿಮಾಕ್ವಿನ್ ಮಾತ್ರೆ ಆ ಕಿಣ್ವ ಕಡಿಮೆ ಇರುವವರಿಗೆ ಹೊಂದುವುದಿಲ್ಲ. ಔಷಧಿ ಲೇಪಿಸಿದ ಸೊಳ್ಳೆಪರದೆ ಒಯ್ಯಿರಿ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ವಾಪಸು ಬಂದ ಮೇಲೆ ಜ್ವರ ಬಂದರೂ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ಮರೆಯದೆ ಹೇಳಿ.